ಸನತ್‌ನಗರದ ಜಗುಲಿಯಿಂದ: ಎರಡನೇ ಫಾರಂ



ಸಂಕ್ರಾಂತಿ ಮುಗಿದು, ಗಾಳಿಪಟದ ದಾರ ಇನ್ನೂ ಕರೆಂಟ್ ತಂತಿಗಳ ಮೇಲೆ ಜೋತಾಡುತ್ತಿರುವಾಗಲೇ ನಮ್ಮ ಮನೆಗೆ ಜನ ಬರತೊಡಗುತ್ತಾರೆ. ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಸನತ್‌ನಗರದ ಕನ್ನಡದವರ ಪೈಕಿ ಯಾರ ಮನೆಯಲ್ಲಿ ಬೈಪಿಸಿ ಓದುವ ಮಗುವಿದ್ದರೂ, ನೀಟ್ ಫಾರಂ ಬಿಡುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟುವುದು ರೂಢಿಯಾಗಿಬಿಟ್ಟಿದೆ. ಚಹಾ ಆಗುತ್ತದೆ, ಊರಿನ ಮಳೆ ಬೆಳೆ ಮಾತಾಗುತ್ತದೆ, ಆಮೇಲೆ ಅಪ್ಪನೋ ಅಮ್ಮನೋ ಮೆಲ್ಲಗೆ ವಿಷಯಕ್ಕೆ ಬರುತ್ತಾರೆ.

ಈ ಸಲ ಮೊದಲು ಬಂದವರು ಕಲಬುರಗಿ ಕಡೆಯವರು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ಜತೆಗೆ ಮಗಳು. ಹುಡುಗಿ ಇಂಟರ್ ಮುಗಿಸಿ ಎರಡು ವರ್ಷವಾಗಿದೆ. ಆ ಎರಡು ವರ್ಷವೂ ಹಾಸ್ಟೆಲಿನಲ್ಲಿದ್ದು, ಇಲ್ಲಿಯವರು ‘ಲಾಂಗ್ ಟರ್ಮ್’ ಅನ್ನುತ್ತಾರಲ್ಲ, ಆ ಕೋಚಿಂಗ್ ತೆಗೆದುಕೊಂಡಿದ್ದಾಳೆ. ಎರಡು ಸಲ ನೀಟ್ ಬರೆದು, ಎರಡು ಸಲವೂ ಅರ್ಹತೆ ಪಡೆದಿದ್ದಾಳೆ. ಸೀಟು ಮಾತ್ರ ದೂರ.

“ಸರ, ಇಕೀಗಿ ಇನ್ನೊಂದ್ ಸಲ ಕೂಡಿಸ್ಲ್ಯಾ ಬ್ಯಾಡಾ? ನೀವು ಹ್ಯಾಂಗ ಹೇಳ್ತೀರಿ ಹಂಗ ಮಾಡ್ತೀವ್ರಿ” ಅಂದರು ಅವರು.

ಆ ಕಡೆಯ ಮಾತು ಕೇಳಿದರೆ ಈಗ ನನಗೆ ಹೆದರಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಇದೇ ಜಗುಲಿಯಲ್ಲಿ ಒಬ್ಬ ಹುಡುಗ ಕೂತಿದ್ದ. ಚುರುಕಾದವನು, ನನ್ನದೇ ವಿದ್ಯಾರ್ಥಿ. ಎರಡನೇ ಸಲ ಸ್ವಲ್ಪದರಲ್ಲಿ ತಪ್ಪಿತ್ತು. ನಾನು ಹಿಂದೆ ಮುಂದೆ ನೋಡದೆ “ಇನ್ನೊಂದು ಸಲ ಬರಿಯೋ, ಬಂದೇ ಬರ್ತದೆ” ಅಂದುಬಿಟ್ಟೆ. ಬರೆದ. ಬರಲಿಲ್ಲ. ಮತ್ತೊಂದು ಸಲ ಬರೆದ. ಆಗಲೂ ಬರಲಿಲ್ಲ. ಆಮೇಲೆ ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ಬಹಳ ದಿನದ ಮೇಲೆ ಭರತ್‌ನಗರ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲಲ್ಲಿ ಸಿಕ್ಕ. ಬೆನ್ನ ಮೇಲೆ ಡೆಲಿವರಿ ಬ್ಯಾಗು. ಕಾಲಿಗೆ ನಮಸ್ಕಾರ ಮಾಡಿ, ಸಿಟ್ಟಿಲ್ಲದೆ, “ನೀವು ಹೇಳಿದ್ರಿ ಅಂತ ಬರದೆ ಸರ” ಅಂದ. ದುಡಿದು ತಿನ್ನುವುದರಲ್ಲಿ ಅವಮಾನವೇನಿಲ್ಲ. ಆದರೆ ಆ ಹುಡುಗನಿಗೆ ರೋಗಿಗಳ ಸೇವೆಯ ಮೇಲೆ ನಿಜವಾದ ಆಸೆಯಿತ್ತು. ಅವನಿಗೆ ಬೇರೆ ಹತ್ತು ಬಾಗಿಲಿವೆ ಎಂದು ಹೇಳಬೇಕಾದವನು ನಾನು, ಒಂದೇ ಬಾಗಿಲು ತೋರಿಸಿ ಅಲ್ಲೇ ನಿಲ್ಲಿಸಿದ್ದೆ.

ಅಂದಿನಿಂದ ನಾನು ‘ಬರಿ’ ಅಂತಲೂ ಹೇಳುವುದಿಲ್ಲ, ‘ಬಿಡು’ ಅಂತಲೂ ಹೇಳುವುದಿಲ್ಲ. ಮೊದಲು ಲೆಕ್ಕ ಇಡುತ್ತೇನೆ, ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ.

ಲೆಕ್ಕ ಹೀಗಿದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1 ಲಕ್ಷ 10 ಸಾವಿರ. ಅದರಲ್ಲಿ ಸರಕಾರಿ ಕಾಲೇಜಿನವು ಸರಿಸುಮಾರು ಅರ್ಧ. ಅಂದರೆ ಇಪ್ಪತ್ತು ಮಕ್ಕಳು ಬರೆದರೆ ಒಬ್ಬರಿಗೆ ಸೀಟು, ನಲವತ್ತು ಮಂದಿ ಬರೆದರೆ ಒಬ್ಬರಿಗೆ ಸಂಬಳದವರ ಕೈಗೆಟುಕುವ ಸೀಟು. ‘ಅರ್ಹತೆ’ ಎಂಬ ಪದ ಅಪ್ಪ ಅಮ್ಮಂದಿರನ್ನು ಬಹಳ ದಾರಿ ತಪ್ಪಿಸುತ್ತದೆ. ಅರ್ಹತೆ ಪಡೆದವರ ಸಂಖ್ಯೆ ಸೀಟಿನ ಸಂಖ್ಯೆಗಿಂತ ಎಷ್ಟೋ ಪಟ್ಟು ದೊಡ್ಡದು. ಸಾಲಿನಲ್ಲಿ ನಿಲ್ಲಲು ಚೀಟಿ ಸಿಕ್ಕಿತು ಅಂತ ಅರ್ಥವೇ ಹೊರತು ಊಟ ಸಿಕ್ಕಿತು ಅಂತಲ್ಲ.

ಪ್ರಶ್ನೆ ಇಷ್ಟೇ: “ನಿನಗೆ ಡಾಕ್ಟರ್ ಆಗಬೇಕೋ, ರೋಗಿಯ ಹತ್ತಿರ ಇರಬೇಕೋ?”

ಆ ಹುಡುಗಿ ಉತ್ತರ ಕೊಡಲಿಲ್ಲ. ನೆಲ ನೋಡುತ್ತ ಕೂತಿದ್ದಳು. ಅಪ್ಪನೇ “ಸಣ್ಣಾಕಿ ಇದ್ದಾಗಿಂದ ಡಾಕ್ಟರ್ ಆಗ್ತೀನಿ ಅಂತಾಳ್ರಿ” ಅಂದರು. ಮುಂದಿನ ಭಾನುವಾರ ಅವಳೊಬ್ಬಳೇ ಬಂದಳು.

“ಸರ, ಅವತ್ತು ಅಪ್ಪನ ಮುಂದ ಹೇಳಾಕ ಆಗ್ಲಿಲ್ರಿ. ನಮ್ಮ ಆಯಿಗಿ ಲಕ್ವಾ ಹೊಡದಿತ್ತು” ಅಂತ ಶುರು ಮಾಡಿದಳು.

ಅಜ್ಜಿಗೆ ಬಲಗಡೆ ಬಿದ್ದುಹೋಗಿ ಮಾತೂ ನಿಂತಿತ್ತಂತೆ. ಊರಿಂದ ಇಲ್ಲಿಗೆ ಕರೆತಂದು ಆಸ್ಪತ್ರೆಯಲ್ಲಿಟ್ಟರು. ಜೀವ ಉಳಿಯಿತು, ಕೈಕಾಲು ಅಷ್ಟಿಷ್ಟು ಆಡಿತು. ಮಾತು ಮಾತ್ರ ಬರಲಿಲ್ಲ. ಮಾತು ಕಲಿಸಲು ಒಬ್ಬ ಥೆರಪಿಸ್ಟ್ ಬರುತ್ತಿದ್ದರು. ಒಳ್ಳೆಯ ಹೆಣ್ಣುಮಗಳು, ಆದರೆ ಆಕೆಗೆ ತೆಲುಗು, ಹಿಂದಿ ಬಿಟ್ಟರೆ ಬೇರೆ ಬಾರದು. ಅಜ್ಜಿಗೆ ಕಲಬುರಗಿ ಕನ್ನಡ ಬಿಟ್ಟರೆ ಬೇರೆ ತಿಳಿಯದು. ಆಕೆ ಚಿತ್ರ ತೋರಿಸಿ ‘ನೀಳ್ಳು’ ಅಂದರೆ ಅಜ್ಜಿ ಸುಮ್ಮನೆ ನೋಡುವರು. ಆಗ ಪಕ್ಕದಲ್ಲಿದ್ದ ಈ ಹುಡುಗಿ ‘ನೀರು’ ಅಂದಳು. ಮರುದಿನದಿಂದ ಥೆರಪಿಸ್ಟ್ ಹೇಳಿದ್ದನ್ನೆಲ್ಲ ಅವಳೇ ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದಳು. ಲಾಂಗ್ ಟರ್ಮ್ ಹಾಸ್ಟೆಲಿಗೆ ಹೋಗುವ ಮುಂಚಿನ ಮಾತು ಇದು. ಹಲವು ವಾರದ ಮೇಲೆ ಒಂದು ದಿನ ಅಜ್ಜಿ ತಾವೇ ‘ನೀರ’ ಅಂದರಂತೆ.

“ಆವತ್ತು ನನಗ ಆದ ಸಂತೋಷ ಮತ್ತ ಯಾವತ್ತೂ ಆಗಿಲ್ರಿ. ಅದಕ್ಕ ಡಾಕ್ಟರ್ ಆಗಬೇಕು ಅನಸ್ತು.”

ನಾನು ಕೇಳಿದೆ: “ಅಜ್ಜಿಗೆ ಮಾತು ತರಿಸಿದವರು ಡಾಕ್ಟರಾ?”

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. “ಅಲ್ರಿ… ಅದಕ್ಕೂ ಕೋರ್ಸ್ ಇರ್ತದೇನ್ರಿ?”

ಎರಡು ವರ್ಷ ಹಗಲು ರಾತ್ರಿ ಓದಿದ ಮಗುವಿಗೆ ಆ ಕೋರ್ಸ್ ಇದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಕೋಚಿಂಗ್‌ನವರು ಹೇಳುವುದಿಲ್ಲ, ಅದು ಅವರ ವ್ಯಾಪಾರವಲ್ಲ. ನಾವಾದರೂ ಹೇಳಬೇಕಿತ್ತು.

ಹಾಗಾಗಿ ಅವತ್ತು ಒಂದು ಹಾಳೆ ತೆಗೆದುಕೊಂಡು ಅವಳ ಅಜ್ಜಿಯ ಕಥೆಯನ್ನೇ ಮೊದಲಿಂದ ಬರೆಸಿದೆ. ನಿಮ್ಮ ಮನೆಯ ಮಕ್ಕಳಿಗೂ ಇದು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಲಕ್ವಾ ಹೊಡೆದ ಮನುಷ್ಯನನ್ನು ಆಸ್ಪತ್ರೆಗೆ ತಂದಾಗ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಮೆದುಳಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದ್ದರೆ, ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ್ಯಂಬುಲೆನ್ಸಿನಲ್ಲಿ ಬಿಪಿ ನೋಡಿ, ಆಮ್ಲಜನಕ ಹಾಕಿ ಕರೆತಂದವರು ಎಮರ್ಜೆನ್ಸಿ ಟೆಕ್ನಿಷಿಯನ್. ಸಿಟಿ ಸ್ಕ್ಯಾನ್ ತೆಗೆದವರು ರೇಡಿಯಾಲಜಿ ಅಂದರೆ ಇಮೇಜಿಂಗ್ ಓದಿದವರು. ಗಡ್ಡೆಯೋ ರಕ್ತಸ್ರಾವವೋ ಎಂದು ಡಾಕ್ಟರ್ ತೀರ್ಮಾನಿಸುವುದು ಆ ಚಿತ್ರ ನೋಡಿ. ರಕ್ತ ಪರೀಕ್ಷೆ ಮಾಡಿದವರು ಲ್ಯಾಬ್ ಟೆಕ್ನಾಲಜಿಯವರು. ವಾರ್ಡಿನಲ್ಲಿ ಹಗಲು ರಾತ್ರಿ ಮಗ್ಗುಲು ಬದಲಿಸಿ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡವರು ನರ್ಸ್. ಬಿದ್ದ ಕೈಕಾಲಿಗೆ ಕಸರತ್ತು ಮಾಡಿಸಿದವರು ಫಿಸಿಯೋಥೆರಪಿಸ್ಟ್. ಒಂದೇ ಕೈಯಲ್ಲಿ ಸೀರೆ ಉಡುವುದು, ತುತ್ತು ಎತ್ತುವುದು ಕಲಿಸಿದವರು ಆಕ್ಯುಪೇಷನಲ್ ಥೆರಪಿಸ್ಟ್. ಗಂಟಲಿಗೆ ಸಿಕ್ಕದಂತೆ ಯಾವ ಹದದ ಗಂಜಿ ಕೊಡಬೇಕೆಂದು ಹೇಳಿದವರು ಡಯಟಿಷಿಯನ್. ಅಜ್ಜಿಗೆ ನುಂಗುವುದು ಬರುತ್ತದೋ ಇಲ್ಲವೋ ಪರೀಕ್ಷಿಸಿ, ಆಮೇಲೆ ಮಾತು ಕಲಿಸಿದವರು ಸ್ಪೀಚ್ ಥೆರಪಿಸ್ಟ್. ಅಷ್ಟೂ ಔಷಧಿಗಳಲ್ಲಿ ಒಂದು ಇನ್ನೊಂದಕ್ಕೆ ಆಗಿಬರುತ್ತದೋ ಇಲ್ಲವೋ ನೋಡಿದವರು ಫಾರ್ಮಸಿಯವರು.

ಎಣಿಸಿ ನೋಡಿ. ಒಬ್ಬ ಅಜ್ಜಿಯ ಸುತ್ತ ಡಾಕ್ಟರನ್ನು ಬಿಟ್ಟು ಒಂಬತ್ತು ಬಗೆಯ ಜನ. ಇವರೆಲ್ಲ ಡಾಕ್ಟರ್ ಆಗಲಾರದವರು ಅಂತ ನಾವು ತಿಳಿದಿದ್ದೇವಲ್ಲ, ತಪ್ಪು ಅಲ್ಲೇ ಇದೆ. ಇವು ಸೋತವರ ಕೆಲಸಗಳಲ್ಲ, ಬೇರೆ ಕೆಲಸಗಳು. 2021ರಲ್ಲಿ ಸಂಸತ್ತು ಈ ವೃತ್ತಿಗಳಲ್ಲಿ ಬಹುಪಾಲನ್ನು ಹತ್ತು ಗುಂಪು ಮಾಡಿ, ಅವಕ್ಕೊಂದು ರಾಷ್ಟ್ರೀಯ ಆಯೋಗ ರಚಿಸುವ ಕಾನೂನನ್ನೇ ಮಾಡಿದೆ. ನರ್ಸಿಂಗ್‌ಗೆ 1947ರ ಕಾನೂನಿನಿಂದ ಬಂದ ಕೌನ್ಸಿಲ್ ಇದೆ, ಫಾರ್ಮಸಿಗೆ ಅದರದೇ ಕೌನ್ಸಿಲ್ ಇದೆ, ಮಾತು ಮತ್ತು ಕಿವಿಗೆ ಸಂಬಂಧಿಸಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ.

ಓದುವ ಕಾಲವೂ ಗೊತ್ತಿರಲಿ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಜಿಎನ್ಎಂ ಮೂರು ವರ್ಷ, ಅದಕ್ಕೆ ಸೈನ್ಸ್ ಓದಿರಲೇಬೇಕೆಂದಿಲ್ಲ. ಬಿ.ಫಾರ್ಮಸಿ ನಾಲ್ಕು, ಆಸ್ಪತ್ರೆಯಲ್ಲಿ ರೋಗಿಯ ಹತ್ತಿರವೇ ಇರಬೇಕೆನ್ನುವವರಿಗೆ ಫಾರ್ಮ್.ಡಿ ಆರು ವರ್ಷ. ಕಣ್ಣಿನ ಪರೀಕ್ಷೆಯ ಆಪ್ಟೊಮೆಟ್ರಿ ನಾಲ್ಕು. ಫಿಸಿಯೋಥೆರಪಿ ನಾಲ್ಕೂವರೆಯಿಂದ ಐದು. ಮಾತು ಮತ್ತು ಶ್ರವಣದ ಪದವಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಎರಡು ಮೂರು ವರ್ಷ ಲಾಂಗ್ ಟರ್ಮ್‌ನಲ್ಲಿ ಕಳೆದ ಮಗು ಆ ವೇಳೆಗೆ ಇವುಗಳಲ್ಲಿ ಒಂದರ ಮುಕ್ಕಾಲು ದಾರಿ ಸಾಗಿರುತ್ತಿತ್ತು.

ಮತ್ತೆ ಇವನ್ನು ಕಲಿಯಲು ದೂರವೆಲ್ಲೂ ಹೋಗಬೇಕಿಲ್ಲ. ಪಂಜಾಗುಟ್ಟದ ನಿಮ್ಸ್‌ನಲ್ಲಿ ನರ್ಸಿಂಗ್, ಫಿಸಿಯೋಥೆರಪಿ, ಹಲವು ಟೆಕ್ನಾಲಜಿ ಕೋರ್ಸುಗಳಿವೆ. ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ 1987ರಿಂದ ಇದೆ, ಆಪ್ಟೊಮೆಟ್ರಿಗೆ ಹೆಸರಾದ ಜಾಗ. ಆಹಾರ ವಿಜ್ಞಾನದಲ್ಲಿ ಮುಂದೆ ಓದಬೇಕೆನ್ನುವವರಿಗೆ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಿದೆ. ಅದು 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದದ್ದು, ನಮ್ಮ ಹಾಗೆ ಅದೂ ವಲಸೆಯದೇ. ಬುದ್ಧಿಮಾಂದ್ಯ ಮಕ್ಕಳ ಜತೆ ಕೆಲಸ ಮಾಡಬೇಕೆನ್ನುವವರಿಗೆ ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ ಕೇಂದ್ರದ ರಾಷ್ಟ್ರೀಯ ಸಂಸ್ಥೆಯೇ ಇದೆ. ಇನ್ನು ಮಾತು ಮತ್ತು ಕಿವಿಗೆ ದೇಶಕ್ಕೇ ದೊಡ್ಡ ಹೆಸರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಸೇರಲು ಅವರದೇ ಪ್ರವೇಶ ಪರೀಕ್ಷೆ.

ಮೈಸೂರು ಅಂದಕೂಡಲೇ ಹುಡುಗಿಯ ಮುಖ ಅರಳಿತು. ಆಮೇಲೆ ಸಣ್ಣ ದನಿಯಲ್ಲಿ “ಸರ, ನನಗ ಕನ್ನಡ ಮಾತಾಡಾಕ ಬರ್ತದ್ರಿ, ಓದಾಕ ಬರೂದಿಲ್ರಿ” ಅಂದಳು. ಇದನ್ನು ಮುಂದೆ ಮತ್ತೆ ಹೇಳುತ್ತೇನೆ.

ಈಗ ನಮ್ಮಂಥ ಹೊರನಾಡಿನವರು ಎಡವುವ ಕಾಗದಪತ್ರದ ಮಾತು. ಇದನ್ನು ಒಂಬತ್ತನೇ ತರಗತಿ ಮಕ್ಕಳಿರುವ ಮನೆಯವರು ಗಮನವಿಟ್ಟು ಓದಿ, ಇಂಟರ್ ಮುಗಿದ ಮೇಲೆ ಓದಿದರೆ ತಡವಾಯಿತು.

ತೆಲಂಗಾಣದ ಮೆಡಿಕಲ್ ಸೀಟುಗಳಲ್ಲಿ ಸ್ಥಳೀಯ ಎನಿಸಿಕೊಳ್ಳಲು ಒಂಬತ್ತು, ಹತ್ತು, ಇಂಟರ್ ಮೊದಲ ಮತ್ತು ಎರಡನೇ ವರ್ಷ, ಹೀಗೆ ಕೊನೆಯ ನಾಲ್ಕು ವರ್ಷ ಬಿಡದೆ ಇಲ್ಲಿಯೇ ಓದಿ ಇಲ್ಲಿಯೇ ಪರೀಕ್ಷೆ ಬರೆದಿರಬೇಕು. ಈ ನಿಯಮವನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕೆಲವು ಸರಕಾರಿ ನೌಕರರ ಮಕ್ಕಳಿಗೆ ವಿನಾಯಿತಿ ಉಂಟು, ಕಾರ್ಖಾನೆ ಕೆಲಸದವರ, ಅಂಗಡಿಯವರ ಮಕ್ಕಳಿಗಿಲ್ಲ. ಅತ್ತ ಕರ್ನಾಟಕದಲ್ಲಿ ಸಾಮಾನ್ಯ ನಿಯಮದಂತೆ ಸರಕಾರಿ ಕೋಟಾದ ಸೀಟಿಗೆ ಒಂದನೇ ತರಗತಿಯಿಂದ ಎರಡನೇ ಪಿಯುಸಿಯೊಳಗೆ ಕನಿಷ್ಠ ಏಳು ವರ್ಷ ಅಲ್ಲಿ ಓದಿರಬೇಕು.

ನಮ್ಮವರು ಮಾಡುವುದೇನು? ಹತ್ತನೇ ತರಗತಿವರೆಗೆ ಇಲ್ಲಿ ಓದಿಸಿ, “ಊರಾಗ ತಮ್ಮ ಇದ್ದಾನ, ಅಲ್ಲೇ ಪಿಯುಸಿ ಮಾಡ್ಲಿ” ಅಂತ ರಾಯಚೂರಿಗೋ ಕಲಬುರಗಿಗೋ ಕಳಿಸುತ್ತಾರೆ. ಎರಡು ವರ್ಷದ ಮೇಲೆ ನೋಡಿದರೆ ಮಗು ತೆಲಂಗಾಣಕ್ಕೂ ಸ್ಥಳೀಯವಲ್ಲ, ಕರ್ನಾಟಕದ ಏಳು ವರ್ಷವೂ ತುಂಬಿಲ್ಲ. ಉಳಿಯುವುದು ಶೇ. 15ರ ಅಖಿಲ ಭಾರತ ಕೋಟಾ ಮತ್ತು ದುಡ್ಡಿನ ಸೀಟು. ಇಂಥ ಮೂರು ಮನೆ ನನಗೇ ಗೊತ್ತು. ಹಾಸ್ಟೆಲ್ ಫೀಸು ಎಷ್ಟೆಂದು ವಿಚಾರಿಸುವ ಮೊದಲು ಈ ಲೆಕ್ಕ ಹಾಕಿ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ಎಂಬ ಎರಡು ಕಲಮುಗಳಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ರಾಜ್ಯದ ಹೊರಗೆ ಓದಿದ ಮಕ್ಕಳಿಗಾಗಿ ಇರುವಂಥವು. ಆದರೆ ಅದಕ್ಕೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಪ್ರಾಥಮಿಕ ಶಾಲೆಯ ಮಟ್ಟದ ಕನ್ನಡವೇ, ಆದರೆ ಓದಲು ಬರೆಯಲು ಬರಬೇಕು. ಯಾವ ಕೋರ್ಸಿಗೆ ಹೇಗೆ ಅನ್ವಯ, ಯಾವ ದಾಖಲೆ ಬೇಕು ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿ, ಪಕ್ಕದ ಮನೆಯವರ ಮಾತು ನಂಬಬೇಡಿ. ಮಗು ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡಿ, ‘ಕ’ ಕಾಗುಣಿತ ಬರದೆ ಈ ಅವಕಾಶ ಕಳೆದುಕೊಂಡರೆ ಅದು ಮಗುವಿನ ತಪ್ಪಲ್ಲ.

ಮೂರನೆಯದು ನಮ್ಮ ಸನತ್‌ನಗರದವರಿಗೇ ಹೇಳಬೇಕಾದದ್ದು. ಇದು ಆಲ್ವಿನ್ ಕಾಲದಿಂದಲೂ ಕಾರ್ಖಾನೆಯ ಊರು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಮಿಕರಿಂದ ಶೇ. 0.75, ಮಾಲೀಕರಿಂದ ಶೇ. 3.25 ಇಎಸ್‌ಐಗೆ ಹೋಗುತ್ತದೆ. ಈ ಹುಡುಗಿಯ ಅಪ್ಪನ ಸಂಬಳದ ಚೀಟಿ ನೋಡಿದೆ. 19,000ಕ್ಕೆ 143 ರೂಪಾಯಿ ಕಡಿತ. “ಜ್ವರದ ಗುಳಿಗಿಗಿ ಹಿಡೀತಾರ್ರಿ” ಅಂದರು. ನಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿ ಇಎಸ್‌ಐ ಮೆಡಿಕಲ್ ಕಾಲೇಜಿದೆ, 2016ರಲ್ಲಿ ಶುರುವಾದದ್ದು. ಇಎಸ್‌ಐ ಕಾಲೇಜುಗಳಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆಂದೇ ಒಂದು ಪಾಲು ಸೀಟು ಬೇರೆ ಇಟ್ಟಿರುತ್ತಾರೆ. ಅದಕ್ಕೆ ನೀಟ್ ರ‍್ಯಾಂಕ್ ಜತೆಗೆ ‘ವಿಮಾದಾರರ ಮಗು’ ಎಂಬ ಪ್ರಮಾಣಪತ್ರ ಬೇಕು. ಅದನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಇಷ್ಟು ಕಾಲ ವಂತಿಗೆ ಕಟ್ಟಿರಬೇಕೆಂಬ ಷರತ್ತಿದೆ, ಅರ್ಜಿಗೆ ಗಡುವಿದೆ. ಎಷ್ಟೋ ಕಾರ್ಮಿಕರಿಗೆ ಈ ಕೋಟಾ ಇರುವುದೇ ಗೊತ್ತಿಲ್ಲ. ಬೆಂಗಳೂರಿನ ರಾಜಾಜಿನಗರದಲ್ಲೂ ಕಲಬುರಗಿಯಲ್ಲೂ ಇಎಸ್‌ಐ ಮೆಡಿಕಲ್ ಕಾಲೇಜುಗಳಿವೆ. ಕಲಬುರಗಿಯಲ್ಲಿ ದಂತ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳೂ ಇವೆ. ತನ್ನ ಊರಲ್ಲೇ ಮಗಳಿಗೊಂದು ಬಾಗಿಲಿತ್ತು, ಎರಡು ವರ್ಷ ಆ ಕಾಗದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ ಎಂದು ತಿಳಿದಾಗ ಅವರು ತಲೆ ಮೇಲೆ ಕೈಯಿಟ್ಟು ಕೂತರು.

ಇನ್ನೆರಡು ಎಚ್ಚರಿಕೆ. ಒಂದು, ಕಾಲೇಜಿನ ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್ ಪಟ್ಟಿ, ಫಾರ್ಮಸಿ ಆದರೆ ಫಾರ್ಮಸಿ ಕೌನ್ಸಿಲ್ ಪಟ್ಟಿ, ಉಳಿದವಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ನೋಡಿ. ತೆಲಂಗಾಣದಲ್ಲಿ ಅದು ವರಂಗಲ್ಲಿನ ಕಾಳೋಜಿ ಆರೋಗ್ಯ ವಿಶ್ವವಿದ್ಯಾಲಯ, ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ಆ ಕಾಲೇಜಿನ ಮಕ್ಕಳು ಯಾವ ಆಸ್ಪತ್ರೆಯಲ್ಲಿ ಕೈಪಳಗಿಸುತ್ತಾರೆ ಎಂದು ಕೇಳಿ. ಆಸ್ಪತ್ರೆಯ ಹೆಸರು ಹೇಳಲು ತಡವರಿಸಿದರೆ ಎದ್ದು ಬನ್ನಿ.

ಎರಡು, ವಿದೇಶದ ಎಂಬಿಬಿಎಸ್. ಅದಕ್ಕೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಅಲ್ಲಿ ಕನಿಷ್ಠ 54 ತಿಂಗಳು ಇಂಗ್ಲಿಷಿನಲ್ಲಿ ಓದಿ, ಅಲ್ಲಿಯೇ ಒಂದು ವರ್ಷ ಇಂಟರ್ನ್‌ಶಿಪ್ ಮಾಡಿರಬೇಕು. ಆಮೇಲೆ ಇಲ್ಲಿ 300 ಪ್ರಶ್ನೆಯ ಅರ್ಹತಾ ಪರೀಕ್ಷೆಯಲ್ಲಿ 150 ಅಂಕ ತೆಗೆಯಬೇಕು. ಎಷ್ಟೋ ಸುತ್ತುಗಳಲ್ಲಿ ಬರೆದವರಲ್ಲಿ ಮೂರನೇ ಒಂದು ಪಾಲೂ ಪಾಸಾಗಿಲ್ಲ. ಏಜೆಂಟರು ವಿಮಾನದ ಟಿಕೇಟಿನ ಮಾತಾಡುತ್ತಾರೆ, ಈ ಪರೀಕ್ಷೆಯ ಮಾತಾಡುವುದಿಲ್ಲ. ಹೋಗಬೇಡಿ ಅನ್ನುತ್ತಿಲ್ಲ, ಹೊಲ ಮಾರುವ ಮೊದಲು ಕೇಳಿಕೊಳ್ಳಿ.

ಅಪ್ಪ ಅಮ್ಮಂದಿರು ನನ್ನನ್ನು ಯಾವಾಗಲೂ ಕೇಳುವ ಪ್ರಶ್ನೆ, “ಈ ಕೋರ್ಸ್ ಮಾಡಿದ್ರ ಸಂಬಳ ಬರ್ತದೇನ್ರಿ?” ಸುಳ್ಳು ಹೇಳುವುದಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಶುರುವಿನ ಸಂಬಳ ಕಡಿಮೆಯೇ. ನೈಟ್ ಡ್ಯೂಟಿ ಇದೆ, ನಿಂತು ನಿಂತು ಕಾಲು ನೋಯುತ್ತದೆ, ಡಾಕ್ಟರಿಗೆ ಸಿಗುವ ಮರ್ಯಾದೆ ಸಿಗುವುದಿಲ್ಲ. ಎರಡು ಮೂರು ವರ್ಷ ಕೈ ಪಳಗಿದ ಮೇಲೆ, ಒಂದು ಸ್ನಾತಕೋತ್ತರ ಪದವಿಯಾದ ಮೇಲೆ, ಸರಕಾರಿ ನೇಮಕಾತಿಯ ಪರೀಕ್ಷೆ ಬರೆದ ಮೇಲೆ ಹಾದಿ ಅಗಲವಾಗುತ್ತದೆ. ಇದೆಲ್ಲ ಮಗುವಿಗೂ ಮುಂಚೆಯೇ ಗೊತ್ತಿರಬೇಕು.

ಅದಕ್ಕೇ ಮಕ್ಕಳಿಗೆ ನಾನು ಕೊಡುವ ಮೊದಲ ಮನೆಗೆಲಸ ಪುಸ್ತಕದ್ದಲ್ಲ. ಮನೆಯಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯುವುದಿದ್ದರೆ ಆ ದಿನ ನೀನು ಜತೆಗೆ ಹೋಗು. ಚೀಟಿ ಸಾಲಿನಲ್ಲಿ ನಿಲ್ಲು, ಲ್ಯಾಬ್ ಮುಂದೆ ಕೂರು, ಫೋನ್ ನೋಡಬೇಡ, ಜನರನ್ನು ನೋಡು. ಎರ್ರಗಡ್ಡದಲ್ಲಿ ಎದೆರೋಗದ ಆಸ್ಪತ್ರೆಯಿದೆ, ಮಾನಸಿಕ ಆಸ್ಪತ್ರೆಯೂ ಇದೆ. ‘ಎರ್ರಗಡ್ಡಕ್ಕೆ ಕಳಿಸ್ಬೇಕು ನಿನ್ನ’ ಅಂತ ಈ ಊರಲ್ಲಿ ಹಾಸ್ಯ ಮಾಡುತ್ತಾರಲ್ಲ, ಆ ಗೇಟಿನ ಹೊರಗೆ ಮಗನಿಗಾಗಿ ಕಾದು ಕೂತ ತಾಯಿಯ ಮುಖ ನೋಡಿದ ಮೇಲೆ ಆ ಹಾಸ್ಯ ಬಾಯಿಗೆ ಬರುವುದಿಲ್ಲ. ಸಂಜೆ ಮನೆಗೆ ಬಂದು ನಿನ್ನನ್ನೇ ಕೇಳಿಕೋ: ನಾಳೆಯೂ ಅಲ್ಲಿಗೆ ಹೋಗಬೇಕು ಅನಿಸುತ್ತದೋ? ಅನಿಸದಿದ್ದರೆ ಎಂಬಿಬಿಎಸ್ ಸೀಟು ಸಿಕ್ಕರೂ ಸುಖವಿಲ್ಲ. ಅನಿಸಿದರೆ ಯಾವ ಬಾಗಿಲಿಂದ ಹೋದರೇನು?

ಈಗ ಆ ಹುಡುಗಿಯ ವಿಷಯ. ಅಪ್ಪನನ್ನು ಒಪ್ಪಿಸುವುದು ಸುಲಭವಿರಲಿಲ್ಲ. “ಎರಡ ವರ್ಷದ ರೊಕ್ಕ ನೀರಾಗ ಹಾಕಿದಂಗ ಆಯ್ತಲ್ರಿ. ಊರಾಗ ಏನಂತ ಹೇಳ್ಲಿ? ಮಾತ ಕಲಸೂದ ಓದತಾಳ ಅನ್ಲೇನ್ರಿ?” ಅಂದರು. ನಾನು ಏನೂ ಹೇಳಲಿಲ್ಲ. ಮಗಳೇ ಹೇಳಿದಳು: “ಅಪ್ಪಾ, ಆಯಿ ನಿನ್ನ ಹೆಸರು ಹಿಡದು ಕರದಾಗ ನೀ ಅತ್ತಿದ್ದಿ. ನೆನಪ ಐತಿಲ್ಲೊ?” ಅವರು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

ಕಡೆಗೆ ಆದ ಒಪ್ಪಂದ ಇದು. ನೀಟ್ ಈ ಸಲವೂ ಬರೆಯುವುದು, ಆದರೆ ಹಾಸ್ಟೆಲ್ ಬೇಡ, ಮನೆಯಿಂದಲೇ ಓದು. ಇದೇ ಕೊನೆಯ ಸಲ, ಅದನ್ನು ಕ್ಯಾಲೆಂಡರಿನ ಮೇಲೆ ಬರೆದು ಅಪ್ಪ ಮಗಳು ಇಬ್ಬರೂ ಸಹಿ ಹಾಕಿದ್ದಾರೆ. ಇಎಸ್‌ಐ ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳನ್ನು ಅಪ್ಪ ಈಗಲೇ ಕೂಡಿಸುತ್ತಿದ್ದಾರೆ. ಮೈಸೂರಿನ ಪ್ರವೇಶ ಪರೀಕ್ಷೆಯ ಫಾರಂ ತುಂಬುವುದು, ಅದನ್ನು ಸೋತರೆ ಇರಲಿ ಅಂತಲ್ಲ, ನೀಟ್‌ನಷ್ಟೇ ಮನಸ್ಸಿಟ್ಟು. ಎರಡರಲ್ಲಿ ಯಾವುದು ಬಂದರೂ ಮಳೆಗಾಲಕ್ಕೆ ಅವಳು ಒಂದು ಕಾಲೇಜಿನಲ್ಲಿರಬೇಕು.

ನನ್ನ ವಿನಂತಿಯೂ ಇಷ್ಟೇ. ನೀಟ್ ಬರೆಯುವ ಪ್ರತಿಯೊಬ್ಬ ಮಗುವೂ ಎರಡನೇ ಫಾರಂ ಒಂದನ್ನು ತುಂಬಲಿ. ಅದನ್ನು ಆರಿಸುವಾಗ ಮೊದಲನೆಯದಕ್ಕೆ ಕೊಟ್ಟಷ್ಟೇ ಹೊತ್ತು ಕೊಡಲಿ. ಮನೆಯವರು ಎರಡನೇ ಫಾರಂ ಕುರಿತು ಮಾತಾಡುವಾಗ ದನಿ ಇಳಿಸದಿರಲಿ. ಆ ದನಿ ಇಳಿದರೆ ಮಗುವಿಗೆ ಗೊತ್ತಾಗಿಬಿಡುತ್ತದೆ.

ಹುಡುಗಿ ಈಗ ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು ಕನ್ನಡ ಓದುವುದು ಕಲಿಯುತ್ತಿದ್ದಾಳೆ. ಒತ್ತಕ್ಷರದಲ್ಲಿ ಇನ್ನೂ ತಡವರಿಸುತ್ತಾಳೆ. ಹೋದ ವಾರ ಒಂದನೇ ತರಗತಿ ಪುಸ್ತಕದಲ್ಲಿ ‘ನೀರು’ ಪದ ಬಂತು. ಅದನ್ನು ಓದಿ, ಮುಂದಿನ ಪದಕ್ಕೆ ಹೋಗದೆ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡೇ ಕೂತಿದ್ದಳು. ನಾನೂ ಅವಸರ ಮಾಡಲಿಲ್ಲ.

ಕನ್ನಡ ಕಲಿಯಬೇಕಾದ ಇನ್ನಾವ ಮಕ್ಕಳಿದ್ದರೂ ಕಳಿಸಿಕೊಡಿ. ಜಗುಲಿ ದೊಡ್ಡದಿದೆ, ಚಹಾ ಇದ್ದೇ ಇರುತ್ತದೆ. ಮುಂದಿನ ತಿಂಗಳು ಮತ್ತೆ ಸಿಗೋಣ.